ಗ್ರಹಭೇದ ಅಂದರೆ ಶ್ರುತಿ ತಪ್ಪುವುದಲ್ಲ

ಸಂಪಾದಕರಿಗೆ ನಮಸ್ಕಾರ. ಉಡುಪಿಯ ಕಛೇರಿಯೊಂದರ ಬಗ್ಗೆ ನಿಮ್ಮಲ್ಲಿ ಬಂದ ವಿಮರ್ಶೆ ಓದಿದೆ. ಮೋಹನ ರಾಗದ ನಡುವೆ ಗಾಯಕಿ 'ಶ್ರುತಿ ಬಿಟ್ಟು ಹಿಂದೋಳಕ್ಕೆ ಜಾರಿದರು' (ಹಿಂದೋಳ ಇನ್ನೊಂದು ರಾಗ) ಅಂತ ಬರೆದಿದ್ದೀರಿ. ಜಾರಿದ್ದಲ್ಲ ಸ್ವಾಮಿ, ಬೇಕಂತಲೇ ಹೋದದ್ದು. ಅದು ಗ್ರಹಭೇದ, ಅಂದರೆ ರಾಗದ ಸ್ವರಗಳನ್ನು ಬದಲಿಸದೆ ಅವುಗಳಲ್ಲೇ ಬೇರೊಂದನ್ನು ಷಡ್ಜ (ಆಧಾರ ಸ್ವರವಾದ 'ಸ') ಅಂದುಕೊಂಡು ಇನ್ನೊಂದು ರಾಗ ತೋರಿಸುವುದು.

ಮೋಹನದ ಅವೇ ಐದು ಸ್ವರ (ಸ ರಿ ಗ ಪ ದ) ಇಟ್ಟುಕೊಂಡು ರಿಷಭವನ್ನು ಷಡ್ಜ ಅಂದುಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಅಂದುಕೊಂಡರೆ ಹಿಂದೋಳ, ಪಂಚಮವಾದರೆ ಶುದ್ಧ ಸಾವೇರಿ, ಧೈವತವಾದರೆ ಶುದ್ಧ ಧನ್ಯಾಸಿ. ತಂಬೂರಿ ಮಾತ್ರ ಹಳೆಯ ಸ-ಪವನ್ನೇ ನುಡಿಸುತ್ತಾ ಇರುತ್ತದೆ. ಕಷ್ಟ ಇರುವುದೇ ಅಲ್ಲಿ. ಹಿಂದೋಳದಲ್ಲಿ ಪಂಚಮವೇ ಇಲ್ಲ, ಆದರೆ ತಂಬೂರಿಯ ಪಂಚಮ ಅದಕ್ಕೆ ಗಾಂಧಾರವಾಗಿ, ಷಡ್ಜ ಧೈವತವಾಗಿ ಕಿವಿಗೆ ಬೀಳುತ್ತಲೇ ಇರುತ್ತದೆ, ಅದರ ಮೇಲೆ ಹೊಸ ಷಡ್ಜವನ್ನು ನಿಲ್ಲಿಸಬೇಕು ಅಂದರೆ ಸುಮ್ನೆ ಮಾತಲ್ಲ. ಹೆಸರಾಂತ ಕರ್ನಾಟಕ ಸಂಗೀತ ಗಾಯಕ ಜಿ.ಎನ್. ಬಾಲಸುಬ್ರಹ್ಮಣ್ಯಂ ಇದನ್ನು ಹಾಡಿದಾಗಲೂ ಸಂಪ್ರದಾಯಸ್ಥರು ತಕರಾರು ತೆಗೆದಿದ್ದರು.

ಆಲಾಪನೆಯಲ್ಲಿ ಎರಡು ನಿಮಿಷ ತೋರಿಸಿ ವಾಪಸ್ ಬಂದರೆ ಚಂದ. ಹೊಸ ಕೃತಿಯಲ್ಲೇ ಇದನ್ನು ಕಟ್ಟುವುದು ಬೇರೆ ವಿಷಯ. ಇಡೀ ಚರಣವನ್ನು ಹೊಸ ಷಡ್ಜದ ಮೇಲೆ ಕೂರಿಸಿದರೆ ಮೃದಂಗದ ಶ್ರುತಿ ಒಂದು ಕಡೆ, ಸಾಹಿತ್ಯ ಒಂದು ಕಡೆ ಆಗುತ್ತದೆ. ನನ್ನ ಪ್ರಕಾರ ಚಿಟ್ಟೆಸ್ವರದಲ್ಲಿ (ಕೃತಿಗೆ ಸೇರಿಸಿ ಮೊದಲೇ ಕಟ್ಟಿಟ್ಟ ಸ್ವರಭಾಗ) ತಾಳದ ಒಂದೆರಡು ಆವರ್ತನ ಸಾಕು, ಅದಕ್ಕಿಂತ ಜಾಸ್ತಿ ಆದರೆ ಹಲವು ರಾಗಗಳ ರಾಗಮಾಲಿಕೆಯನ್ನೇ ಬರೆಯಬಹುದಲ್ವಾ?

ಮಂಗಳೂರು, ಉಡುಪಿಯಲ್ಲಿ ಕಲಿಯುವ ಮಕ್ಕಳೂ ನಿಮ್ಮ ವಿಮರ್ಶೆ ಓದುತ್ತಾರೆ. ಸಾಧ್ಯವಾದರೆ ಒಂದು ತಿದ್ದುಪಡಿ ಹಾಕಿ.

— ಒಬ್ಬ ಕೇಳುಗ, ಉಡುಪಿ