‘ನಾಟ್ ಬ್ಯಾಡ್’ ಎಂದರೆ ಹೊಗಳಿಕೆ!

ಮಾನ್ಯರೆ,

ಓದಲೋ ಕೆಲಸಕ್ಕೋ ಬ್ರಿಟನ್ನಿಗೆ ಹೊರಟವರು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕಕ್ಕಾಗಿ ತಿಂಗಳುಗಟ್ಟಲೆ ಬೆವರು ಸುರಿಸುತ್ತಾರೆ. ಅಲ್ಲಿನ ಮಾತಿನ ಧಾಟಿಯನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ‘ಯು ಆಲ್‌ರೈಟ್?’ ಎನ್ನುವುದು ಆರೋಗ್ಯ ವಿಚಾರಣೆಯಲ್ಲ, ನಮ್ಮ ‘ಊಟ ಆಯ್ತಾ?’ ಇದ್ದ ಹಾಗೆ. ನೆಗಡಿ, ನಿದ್ದೆಯ ವರದಿ ಒಪ್ಪಿಸಬೇಕಿಲ್ಲ. ನಡೆಯುತ್ತಲೇ ‘ಯಾ, ಯು?’ ಎಂದರೆ ಮುಗಿಯಿತು.

ಎಡವಟ್ಟಾಗುವುದು ಕಚೇರಿಯಲ್ಲಿ. ‘ನಾಟ್ ಬ್ಯಾಡ್’ ಅಂದರೆ ಚೆನ್ನಾಗಿದೆ ಎಂದೇ. ‘ಕ್ವೈಟ್ ಗುಡ್’ ಅಂದರೆ ಸಾಮಾನ್ಯವಾಗಿ ‘ಪರವಾಗಿಲ್ಲ’ ಅಷ್ಟೇ. ಅಮೆರಿಕದಲ್ಲಿ ಇದೇ ‘ಕ್ವೈಟ್’ಗೆ ‘ಬಹಳ’ ಎಂಬರ್ಥ. ನಮ್ಮವರು ಏಮಾರುವುದು ಇಲ್ಲೇ. ‘ಯು ಮೈಟ್ ವಾಂಟ್ ಟು ಲುಕ್ ಅಟ್ ದಿಸ್ ಅಗೇನ್’ ಎಂದು ಮ್ಯಾನೇಜರ್ ಮೆಲ್ಲಗೆ ಅಂದರೆ, ಅದು ಬಿಟ್ಟರೂ ನಡೆಯುವ ಸಲಹೆಯಲ್ಲ, ತಿದ್ದಿ ತನ್ನಿ ಎಂಬ ಸೂಚನೆ. ‘ವಿತ್ ರೆಸ್ಪೆಕ್ಟ್’ ಎಂದು ಶುರುವಾದರೆ ಮುಂದೆ ಬರುವುದು ವಿರೋಧ. ಗೊಂದಲವಾದರೆ ಏನು ಬದಲಿಸಬೇಕು, ಯಾವತ್ತಿಗೆ ಬೇಕು ಎಂದು ಮೇಲ್‌ನಲ್ಲಿ ಕೇಳಿಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ‘ಹಾಫ್ ಸಿಕ್ಸ್’ ಎಂದರೆ ಆರೂವರೆ, ಐದೂವರೆಯಲ್ಲ. ಉತ್ತರ ಇಂಗ್ಲೆಂಡಿನಲ್ಲಿ ಸಂಜೆ ‘ಟೀ’ಗೆ ಕರೆದರೆ ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿ, ಅದು ಊಟ. ಆದರೆ ‘ಒಮ್ಮೆ ಮನೆಗೆ ಬನ್ನಿ’ ಎಂದವರು ದಿನ, ಗಂಟೆ ಹೇಳದಿದ್ದರೆ ಹೊರಡಬೇಡಿ.

– ಓದುಗರು, ಮೈಸೂರು