ಪಾಪ ನನಗೆ ಸುತ್ತಿಕೊಳ್ಳುತ್ತಾ ಅತ್ತೆ ಅಂತ ಕೇಳಿದ್ದೀಯ

ಅಂಕೋಲಾ
ಮೇ 12

ಪುಟ್ಟಿ,

ನಿನ್ನ ಪತ್ರ ಬಂದು ಐದು ದಿನವಾಯಿತು. ಎರಡು ಸಲ ಉತ್ತರ ಬರೆಯಲು ಕೂತೆ, ಎರಡು ಸಲವೂ ಹರಿದು ಹಾಕಿದೆ. ನಿನ್ನ ಅಪ್ಪನ ಮೊಣಕಾಲು, ಕೋರ್ಟಿನ ತಾರೀಖು, ಕೋಡಿಬಾಗದ ಮನೆ ಬಾಡಿಗೆ, ಇದೆಲ್ಲ ಫೋನಿನಲ್ಲೇ ಮಾತಾಡಿ ಆಗಿದೆ. ನಿನ್ನ ಗಂಡನ ವಿಷಯ ನಾನು ಎತ್ತೋದಿಲ್ಲ. ನಿನ್ನ ಹೆಂಗಸರ ಸಂಘದಲ್ಲಿ ಹನ್ನೆರಡು ಜನ ಇದ್ದವರು ಹತ್ತೊಂಬತ್ತಾದರು ಅಂತ ಬರೆದಿದ್ದೀಯ. ಓದಿ ಖುಷಿಯಾಯಿತು.

ಆದರೆ ಮೂರನೇ ಪುಟದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದ ಒಂದು ಸಾಲಿದೆಯಲ್ಲ. ‘ನನ್ನ ಮಾತು ಕೇಳಿ ಅವಳು ಮನೆ ಬಿಟ್ಟು ಬಂದು, ನಾಳೆ ಬೀದಿಪಾಲಾದರೆ ಆ ಪಾಪ ನನಗೆ ಸುತ್ತಿಕೊಳ್ಳುತ್ತಾ ಅತ್ತೆ?’ ಅಂತ. ಗಂಡನ ಕಾಟಕ್ಕೆ ಸಿಕ್ಕಿ ಸಂಘಕ್ಕೆ ಬರುವ ಆ ಹುಡುಗಿಯ ವಿಷಯ. ಉಳಿದ ಪತ್ರವನ್ನು ಒಂದು ಸಲ ಓದಿದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ರಾತ್ರಿ ಎದ್ದು ಲೈಟು ಹಾಕಿ ಕನ್ನಡಕ ಹುಡುಕಿ ಓದಿದ್ದೂ ಇದೆ.

ಯಾಕೆಂದರೆ ಇದೇ ಪ್ರಶ್ನೆಯನ್ನು ನಾನೂ ಒಮ್ಮೆ ನನಗೇ ಕೇಳಿಕೊಂಡಿದ್ದೆ. ಉತ್ತರ ತಪ್ಪು ಕೊಟ್ಟುಕೊಂಡೆ. ಅದನ್ನು ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿನ್ನ ಅಪ್ಪನಿಗೂ.

ಅದಕ್ಕೂ ಮೊದಲು 1984ರ ಕಥೆ ಹೇಳಬೇಕು. ನಿನ್ನ ಮಾವ ಹೇಗೆ ಹೋದರು ಅನ್ನೋದು ನಿಮಗೆಲ್ಲ ಗೊತ್ತು, ಅದು ಬಿಡು. ಅದರ ನಂತರದ ನಾಲ್ಕೈದು ತಿಂಗಳು ಯಾರಿಗೂ ಗೊತ್ತಿಲ್ಲ. ನನಗೆ ಆಗ 31. ಹೊಸಿಲು ದಾಟಲು ಆಗುತ್ತಿರಲಿಲ್ಲ. ಬ್ಯಾಂಕಿನ ಪಾಸ್‌ಬುಕ್ ಮೈದುನನ ಹತ್ತಿರ ಇತ್ತು, ಸಕ್ಕರೆ ಬೇಕಾದರೂ ಅವನನ್ನೇ ಕೇಳಬೇಕು. ಒಂದಿನ ಅಂಗಡಿಯವನು ಚಿಲ್ಲರೆ ಕೊಟ್ಟ. ಎಣಿಸಲು ನೋಡಿದರೆ ತಲೆಯೊಳಗೆ ಏನೂ ನಿಲ್ಲಲಿಲ್ಲ. ಮೆಟ್ರಿಕ್ ಪಾಸಾದವಳು ನಾನು. ಅಲ್ಲೇ ಅಳು ಬಂತು.

ಕೇಣಿಯಿಂದ ಒಬ್ಬ ಮೀನು ಮಾರುವವಳು ಬರುತ್ತಿದ್ದಳು. ನೀನು ನೋಡಿಲ್ಲ, ನೀನು ಹುಟ್ಟುವ ಮೊದಲೇ ಹೋದಳು. ಒಂದಿನ ಮಧ್ಯಾಹ್ನ ಬುಟ್ಟಿ ಖಾಲಿ ಮಾಡಿಕೊಂಡು ಬಂದು ಜಗುಲಿಯಲ್ಲಿ ಕೂತಳು. ಸೆರಗಿನ ಗಂಟು ಬಿಚ್ಚಿ ದುಡ್ಡೆಲ್ಲ ನೆಲಕ್ಕೆ ಸುರಿದಳು. ಒದ್ದೆ ನೋಟು, ನಾಲ್ಕಾಣೆ, ಎಂಟಾಣೆ. ಒಂದು ನೋಟಿಗೆ ಮೀನಿನ ಹುರುಪೆ ಅಂಟಿಕೊಂಡು ಬಿಸಿಲಿಗೆ ಹೊಳೆಯುತ್ತಿತ್ತು. ‘ಬಾಯಿ, ಎಣಿಸಿ ಕೊಡಿ. ನನಗೆ ಲೆಕ್ಕ ತಪ್ತದೆ’ ಅಂದಳು.

ನಾನು ಎಣಿಸಿದೆ. ಎರಡು ಸಲ ತಪ್ಪಿತು. ಅವಳು ಏನೂ ಅನ್ನಲಿಲ್ಲ, ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಮೂರನೇ ಸಲ ಸರಿಯಾಯಿತು. 43 ರೂಪಾಯಿ 75 ಪೈಸೆ. ಅಷ್ಟು ನೆನಪಿದೆ ನೋಡು. ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಒಂದು ವಾರವಾದ ಮೇಲೆ ‘ಬೋಟಿನ ಸಾಹುಕಾರನಿಗೆ ಎಷ್ಟು ಕೊಡೋದಿದೆ, ಬರೆದಿಡಿ’ ಅಂದಳು. ಆಮೇಲೆ ಅವಳ ಜೊತೆಯ ಇನ್ನಿಬ್ಬರು ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹತ್ತಿರ ಆರು ಜನರ ಲೆಕ್ಕದ ವಹಿ ಇತ್ತು. ನಾನು ಮೈದುನನ ಹತ್ತಿರ ಹೋಗಿ ಪಾಸ್‌ಬುಕ್ ಕೇಳಿದ್ದು ಆಗ. ಕೈ ನಡುಗುತ್ತಿತ್ತು, ಆದರೆ ಕೇಳಿದೆ.

ಅವಳಿಗೆ ನಿಜವಾಗಿ ಲೆಕ್ಕ ಬರುತ್ತಿರಲಿಲ್ಲವಾ? ನೂರಾರು ಬಾಂಗಡೆ ಕಣ್ಣಳತೆಯಲ್ಲೇ ಎಣಿಸುವವಳು ನಾಲ್ಕಾಣೆಗೆ ತಪ್ಪುತ್ತಾಳಾ? ಒಮ್ಮೆ ಕೇಳಿಬಿಡಬೇಕು ಅಂದುಕೊಂಡೆ. ಕೇಳಲಿಲ್ಲ.

ಇನ್ನು 1989ರ ಮಾತು. ಆಷಾಢದ ಮಳೆ. ಕರೆಂಟು ಹೋಗಿ ಎರಡು ದಿನವಾಗಿತ್ತು. ರಾತ್ರಿ ಹತ್ತೂವರೆಗೆ ಹಿಂದಿನ ಬಾಗಿಲು ಬಡಿದ ಸದ್ದು. ಆಚೆ ಓಣಿಯ ಮನೆಯ ಸೊಸೆ. ಸೊಂಟದ ಮೇಲೆ ಮಗು. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಒಳಗೆ ಕರೆದೆ, ತಲೆ ಒರೆಸಿಕೊಳ್ಳಲು ಪಂಜೆ ಕೊಟ್ಟೆ, ಮಗುವಿಗೆ ಗಂಜಿ ಕೊಟ್ಟೆ. ಅವಳು ಕೇಳಿದ್ದು ಒಂದೇ ಮಾತು. ‘ಅಕ್ಕಾ, ನಾನು ತವರಿಗೆ ಹೋಗಲಾ?’

ತವರು ಹೊನ್ನಾವರದ ಕಡೆ. ಬಸ್ಸಿಗೆ ಹತ್ತು ರೂಪಾಯಿ ಇದ್ದಿದ್ದರೆ ನನ್ನನ್ನು ಕೇಳದೆ ಹೋಗುತ್ತಿದ್ದಳೋ ಏನೋ. ಅವಳ ಹತ್ತಿರ ಇರಲಿಲ್ಲ. ನನ್ನ ಸಾಸಿವೆ ಡಬ್ಬಿಯಲ್ಲಿ ಇತ್ತು.

ಆಗ ನನ್ನ ತಲೆಯಲ್ಲಿ ಬಂದದ್ದು ನಿನ್ನ ಅದೇ ಸಾಲು, ಪುಟ್ಟಿ. ನಾಳೆ ತವರಿನವರು ಇಟ್ಟುಕೊಳ್ಳದಿದ್ದರೆ? ಮಗು ಕಾಯಿಲೆ ಬಿದ್ದರೆ? ವಿಧವೆ ಬೇರೆ ನಾನು, ಬೇರೆಯವರ ಸಂಸಾರ ಒಡೆದಳು ಅಂದರೆ? ಪಾಪ ಯಾಕೆ ಕಟ್ಟಿಕೊಳ್ಳಲಿ? ‘ಹೊಂದಿಕೊಂಡು ಹೋಗು ಮಾರಾಯ್ತಿ, ಮಗು ಇದೆ’ ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಬೆಳಿಗ್ಗೆ ನಾನೇ ಕೊಡೆ ಹಿಡಿದು ಅವಳನ್ನು ಆ ಮನೆಗೆ ಬಿಟ್ಟು ಬಂದೆ. ಅವಳ ಅತ್ತೆ ನನಗೆ ಚಾ ಮಾಡಿ ಕೊಟ್ಟಳು. ‘ಸಂಸಾರ ಉಳಿಸಿದ್ರಿ’ ಅಂದಳು. ನಾನು ಆ ಚಾ ಕುಡಿದೆ.

ಅವಳು ಸಾಯಲಿಲ್ಲ. ನೀನು ಹೆದರಬೇಡ, ಕಥೆ ಅಲ್ಲಿಗೆ ಹೋಗುವುದಿಲ್ಲ. ಈಗಲೂ ಇದ್ದಾಳೆ. ವಾರದ ಸಂತೆಯಲ್ಲಿ ಸಿಗುತ್ತಾಳೆ. ‘ಊಟ ಆಯ್ತಾ ಅಕ್ಕಾ’ ಅಂತ ಕೇಳುತ್ತಾಳೆ, ನಗುತ್ತಾಳೆ. ಅದರ ಮೇಲೆ ಒಂದು ಮಾತಿಲ್ಲ. ಇಷ್ಟು ವರ್ಷದಲ್ಲಿ ಒಂದು ಮಾತಿಲ್ಲ. ಎಡಗೈ ಮಣಿಕಟ್ಟು ಸರಿಯಾಗಿ ಮಡಚುವುದಿಲ್ಲ, ಚೀಲವನ್ನು ಯಾವಾಗಲೂ ಬಲಗೈಯಲ್ಲೇ ಹಿಡಿಯುತ್ತಾಳೆ. ಚೀಲ ಎಷ್ಟು ಭಾರ ಇದ್ದರೂ ಕೈ ಬದಲಿಸುವುದಿಲ್ಲ. ನಾನು ತರಕಾರಿ ಆರಿಸುವ ನೆಪದಲ್ಲಿ ಅದನ್ನೇ ನೋಡುತ್ತೇನೆ.

ಈಗಿನ ಹಾಗೆ ಆಗ ಕಾನೂನು ಇರಲಿಲ್ಲ, ಫೋನು ಇರಲಿಲ್ಲ ಅಂತ ನೆವ ಹೇಳಬಹುದು. ಹೇಳಿಕೊಂಡಿದ್ದೇನೆ ಕೂಡ. ಆದರೆ ಹತ್ತು ರೂಪಾಯಿ ಇತ್ತಲ್ಲ. ನನ್ನ ಜಗುಲಿಯಲ್ಲಿ ಒಬ್ಬಳು ಸೆರಗಿನ ಗಂಟು ಬಿಚ್ಚಿ ಐದೇ ವರ್ಷವಾಗಿತ್ತಲ್ಲ.

ಅದಕ್ಕೇ ನಿನ್ನ ಆ ಸಾಲು ಓದಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ನೀನು ಅವಳ ಬಗ್ಗೆ ಹೆದರಿದ್ದೀಯ ಅಂದುಕೊಂಡಿದ್ದೀಯ. ನಾನೂ ಹಾಗೇ ಅಂದುಕೊಂಡಿದ್ದೆ. ಅವತ್ತು ನಾನು ಹೆದರಿದ್ದು ಪೂರ್ತಿ ನನ್ನ ಬಗ್ಗೆ.

ತಪ್ಪು ತಿಳಿಯಬೇಡ. ‘ಬಿಟ್ಟು ಬಾ’ ಅಂತ ಹೇಳಿಬಿಡು ಅನ್ನುತ್ತಿಲ್ಲ ನಾನು. ಅದನ್ನೂ ಮಾಡಿ ನೋಡಿದ್ದೇನೆ. ಇನ್ನೊಬ್ಬಳಿಗೆ ಹಟ ಹಿಡಿದು ಹೇಳಿದೆ, ಬಂದಳು, ಮೂರು ವಾರಕ್ಕೆ ತಾನಾಗಿ ವಾಪಸ್ ಹೋದಳು. ನನಗೆ ಸಿಟ್ಟು ಬಂದು ಮಾತು ಬಿಟ್ಟೆ. ಎಂಥ ಮೂರ್ಖತನ. ಎರಡನೇ ಸಲ ಹೊರಗೆ ಬರಬೇಕು ಅಂದಾಗ ಅವಳು ನನ್ನ ಮನೆಗೆ ಹೇಗೆ ಬರಬೇಕು, ಹೇಳು?

ನಿನ್ನ ಸಂಘದ ಆ ಹುಡುಗಿಯ ಗಂಡ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿಗೆ ಹೋಗುತ್ತಾನೆ ಅಂದಿದ್ದೀಯ. ಇವತ್ತು ಮೇ 12. ಜೂನ್ 1ಕ್ಕೆ ಯಾಂತ್ರಿಕ ಬೋಟೆಲ್ಲ ದಡಕ್ಕೆ. ಜುಲೈ 31ರ ತನಕ 61 ದಿನ ಕಡಲಿಗೆ ಇಳಿಯುವಂತಿಲ್ಲ. ದುಡಿಮೆ ಇಲ್ಲ, ಹೊರಗೆ ಮಳೆ, ಕೈಯಲ್ಲಿ ಮುಂಗಡದ ದುಡ್ಡು, ಮನೆಯಲ್ಲೇ ಗಂಡಸು. ಈ ಎರಡು ತಿಂಗಳು ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಹೇಗಿರುತ್ತದೆ ಅಂತ ನಿನಗೆ ನಾನು ಹೇಳಬೇಕಾ? ನಿನ್ನ ಹೆದರಿಕೆಗೆ ಈಗ ಕಾಲು ಬಂದದ್ದು ಅದಕ್ಕೇ ಇರಬೇಕು. ನನಗೂ ಕ್ಯಾಲೆಂಡರ್ ನೋಡಿದರೆ ಎದೆ ಢವಢವ ಅನ್ನುತ್ತದೆ.

ಮನೆ ಬಿಡುವುದೊಂದೇ ದಾರಿ ಅಂತ ಅವಳು ತಿಳಿದಿದ್ದರೆ ಅದನ್ನು ಮೊದಲು ಬಿಡಿಸು. 2005ರ ಕೌಟುಂಬಿಕ ಹಿಂಸೆ ಕಾನೂನಿನಲ್ಲಿ, ಮನೆ ಯಾರ ಹೆಸರಿನಲ್ಲೇ ಇರಲಿ, ಅವಳಿಗೆ ಅಲ್ಲಿ ಇರುವ ಹಕ್ಕಿದೆ. ಹೊಡೆಯಬಾರದು, ಹೊರಗೆ ಹಾಕಬಾರದು ಅಂತ ಕೋರ್ಟು ಆದೇಶ ಕೊಡಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಕೂರುವುದು ಬೇಡ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತ, ಆದಾಯ ಎಷ್ಟು ಅಂತ ಕೇಳುವುದಿಲ್ಲ. ಒಂದು ಶಿಬಿರದಲ್ಲಿ ಕೇಳಿದ್ದು ಇದು. ನಿನಗೆ ಗೊತ್ತೇ ಇರುತ್ತದೆ, ಕೋರ್ಟು ಕಚೇರಿ ನನಗಿಂತ ಜಾಸ್ತಿ ನೀನೇ ತಿರುಗಿದ್ದೀಯ. ಆದರೂ ಬರೆದೆ.

ಸುಕ್ರಿ ಅಜ್ಜಿಯ ನೆನಪಾಗುತ್ತಿದೆ ಇದನ್ನು ಬರೆಯುವಾಗ. ನಮ್ಮ ಬಡಿಗೇರಿಯ ಸುಕ್ರಿ ಬೊಮ್ಮಗೌಡ. 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಊರಿಗೆಲ್ಲ ಗೊತ್ತಾದಳು. ಹಾಲಕ್ಕಿ ಜನರ ಹಾಡು ಹೇಳುವ ಅಜ್ಜಿ ಅಂತಲೇ ಎಲ್ಲರೂ ಹೇಳುತ್ತಾರೆ. ಗಂಡನನ್ನು ಕಳಕೊಂಡವಳು, ಸಾಕಿದ ಮಗನನ್ನು ಕುಡಿತಕ್ಕೆ ಕಳಕೊಂಡವಳು. ಆಮೇಲೆ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತಳು. ಸಾರಾಯಿ ನಿಲ್ಲಿಸಿದರೆ ಕುಡಿತ ನಿಲ್ಲುತ್ತದೆ ಅಂತ ಯಾರಾದರೂ ಅವಳಿಗೆ ಬರೆದುಕೊಟ್ಟಿದ್ದರಾ? 2007ರ ಜುಲೈಯಿಂದ ಇಡೀ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಪ್ಯಾಕೆಟ್ ಹೋಯಿತು, ಬಾಟಲಿ ಬಂತು. ಕುಡಿಯುವವರು ಕುಡಿಯುತ್ತಲೇ ಇದ್ದಾರೆ. ಅಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡಳು. ಸುದ್ದಿ ಕೇಳಿದ ದಿನ ನಾನು ಯೋಚಿಸಿದ್ದು ಪದ್ಮಶ್ರೀಯನ್ನಲ್ಲ. ಸ್ವಂತ ಮನೆಯಲ್ಲೇ ಸೋತವಳು ಬೇರೆ ಮನೆಯ ಅಂಗಳಕ್ಕೆ ಹೋಗಿ ಮಾತಾಡಿದಳಲ್ಲ, ಮೊದಲ ದಿನ ಹೊಸಿಲಲ್ಲಿ ಏನನಿಸಿತ್ತೋ ಅಂತ.

ನೀನೂ ಬರೆದಿದ್ದೀಯಲ್ಲ, ‘ನನ್ನದೇ ಸಂಸಾರ ನೆಟ್ಟಗಿಲ್ಲ, ನಾನು ಯಾರಿಗೆ ಹೇಳಲಿ’ ಅಂತ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ನಿನ್ನ ಸಂಸಾರ ನೆಟ್ಟಗಿದ್ದಿದ್ದರೆ ಆ ಹುಡುಗಿ ನಿನ್ನ ಹತ್ತಿರ ಬರುತ್ತಿದ್ದಳಾ, ನೀನೇ ಯೋಚಿಸು.

ಅವಳು ಸಂಘಕ್ಕೆ ಬಂದರೆ ಮಾತೇ ಆಡುವುದಿಲ್ಲ, ಬಾಗಿಲ ಕಡೆ ನೋಡುತ್ತ ಕೂರುತ್ತಾಳೆ ಅಂದಿದ್ದೀಯ. ಕೂರಲಿ. ‘ಧೈರ್ಯ ತಗೋ’ ಅಂತ ಮಾತ್ರ ಹೇಳಬೇಡ, ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಈಗ ಮುರುಗಲು ಒಣಗಿಸುವ ಕೆಲಸ ನಡೆದಿದೆಯಲ್ಲ? ತಕ್ಕಡಿ ಅವಳ ಕೈಗೆ ಕೊಡು. ಯಾರು ಎಷ್ಟು ಸಿಪ್ಪೆ ತಂದರು, ಬೀಜ ಎಷ್ಟು ಬಂತು, ಅವಳೇ ತೂಗಿ ಅವಳೇ ಬರೆಯಲಿ. ತಪ್ಪಿದರೆ ಅವಳ ಎದುರು ತಿದ್ದಬೇಡ. ಎರಡು ಕಿಲೋ ಹೆಚ್ಚುಕಡಿಮೆಯಾದರೆ ನಾನು ಕೊಡುತ್ತೇನೆ.

ಮತ್ತೆ, ಆಧಾರ್, ಮಗುವಿನ ಜನನ ಪತ್ರ, ರೇಶನ್ ಕಾರ್ಡು, ಇವುಗಳ ಜೆರಾಕ್ಸ್ ನಿನ್ನ ಹತ್ತಿರ ಒಂದು ಕಟ್ಟು ಇರಲಿ. ಗೃಹಲಕ್ಷ್ಮಿಯ 2000 ರೂಪಾಯಿ ಅವಳಿಗೆ ಬರುತ್ತದೆ ಅಂತ ಲೆಕ್ಕ ಹಾಕಬೇಡ, ಕಾರ್ಡಿನಲ್ಲಿ ಯಜಮಾನಿ ಅತ್ತೆ ಇರುತ್ತಾಳೆ. ಹೆಂಗಸರ ಸಹಾಯವಾಣಿಯ 181 ನಂಬರನ್ನು ಅವಳ ಮೊಬೈಲಿನಲ್ಲಿ ಸೇವ್ ಮಾಡಬೇಡ, ಗಂಡ ನೋಡಿದರೆ ಕಷ್ಟ. ಮೂರೇ ಅಂಕಿ, ಬಾಯಿಪಾಠ ಮಾಡಿಸು. ಹಗಲು ರಾತ್ರಿ ಯಾವಾಗ ಬೇಕಾದರೂ ಎತ್ತುತ್ತಾರೆ. ಇದನ್ನೆಲ್ಲ ಮೊದಲೇ ಬರೆಯಬೇಕಿತ್ತು, ನನ್ನ ಪುರಾಣವೇ ಜಾಸ್ತಿಯಾಯಿತು.

ಪಾಪದ ಪ್ರಶ್ನೆಗೆ ಉತ್ತರ ಇನ್ನೂ ಕೊಟ್ಟಿಲ್ಲ ಅಲ್ವಾ? ಸುತ್ತಿಕೊಳ್ಳಬಹುದು ಪುಟ್ಟಿ. ನೀನು ಏನು ಹೇಳಿದರೂ, ಏನೂ ಹೇಳದಿದ್ದರೂ, ಸ್ವಲ್ಪ ಸುತ್ತಿಕೊಳ್ಳುತ್ತದೆ. ನಾನು ಹೊತ್ತುಕೊಂಡು ತಿರುಗುತ್ತಿಲ್ಲವಾ? ಹೋಗಬೇಕೋ ಇರಬೇಕೋ ಅನ್ನುವುದನ್ನು ಅವಳೇ ಹೇಳಲಿ. ಅವಳು ಕೇಳಿದ ದಿನ ಬಸ್ಸಿನ ಚಾರ್ಜು ನಿನ್ನ ಹತ್ತಿರ ಇರಲಿ. ಈಗ ಅದೂ ಬೇಡ, 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಗಂಡಸರು ಈ ಫ್ರೀ ಬಸ್ಸನ್ನು ಆಡಿಕೊಂಡು ನಗುವಾಗ ನನಗೆ ಸಾಸಿವೆ ಡಬ್ಬಿ ನೆನಪಾಗುತ್ತದೆ.

ಕಾರವಾರದಿಂದ ಇಲ್ಲಿಗೆ ಒಂದು ಗಂಟೆ ದಾರಿ. ಹಿಂದಿನ ಕೋಣೆ ಖಾಲಿ ಇದೆ. ನಿನ್ನೆ ಗುಡಿಸಿ, ಎರಡು ಚಾಪೆ ಬಿಸಿಲಿಗೆ ಹಾಕಿದ್ದೇನೆ. ಮಗುವಿಗೆ ಅಂತ ಹಳೆಯ ತೊಟ್ಟಿಲು ಅಟ್ಟದಿಂದ ಇಳಿಸಲು ಪಕ್ಕದ ಮನೆ ಹುಡುಗನಿಗೆ ಹೇಳಿದ್ದೇನೆ. ಮಗು ದೊಡ್ಡದಾ ಸಣ್ಣದಾ ನೀನು ಬರೆದೇ ಇಲ್ಲ. ಕರಿ ಇಶಾಡ ಮಾವು ಹಣ್ಣಾಗಿದೆ, ನೀನು ಬಂದಾಗ ಒಯ್ಯು, ಕೊಟ್ಟು ಕಳಿಸಿದರೆ ಬಸ್ಸಿನಲ್ಲಿ ನಜ್ಜುಗುಜ್ಜಾಗುತ್ತದೆ.

ಅವಳು ರಾತ್ರಿ ಬರುವುದಾದರೆ ಮುಂದಿನ ಬಾಗಿಲು ಬಡಿಯಲು ಹೇಳು. ಹಿಂದಿನ ಬಾಗಿಲ ಅಗಳಿ ಮಳೆಗೆ ಉಬ್ಬಿಕೊಳ್ಳುತ್ತದೆ, ತೆಗೆಯಲು ನನಗೆ ತಡವಾಗುತ್ತದೆ.

ನಿನ್ನ
ಅತ್ತೆ