ಕೀರ್ತನೆಗಳನ್ನು ನನ್ನೊಂದಿಗೆ ಓದಿ ಮುಗಿಸಿದವರಿಗೆ

ಕಳೆದ ಶುಕ್ರವಾರ ನಮ್ಮ ಸತ್ಯವೇದ (ಬೈಬಲ್) ಅಧ್ಯಯನದ ಗುಂಪು 150ನೆಯ ಕೀರ್ತನೆಯನ್ನು ಓದಿತು. ಅಲ್ಲಿಗೆ ಕೀರ್ತನೆಗಳ ಪುಸ್ತಕ ಮುಗಿಯಿತು. ಮೊದಲನೆಯದನ್ನು ಓದಿದಾಗ ನನ್ನ ಯಜಮಾನರು ನಮ್ಮ ನಡುವೆ ಕುಳಿತಿದ್ದರು. ಕೊನೆಯದನ್ನು ಓದುವಾಗ ಅವರಿರಲಿಲ್ಲ. ಈ ನಡುವಿನ ಕಾಲದಲ್ಲಿ ನನ್ನ ಕೈಬಿಡದೆ ನಡೆಸಿಕೊಂಡು ಬಂದವರಿಗೆ ಎಲ್ಲರ ಎದುರಿಗೆ ಕೃತಜ್ಞತೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಯಜಮಾನರಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗುತ್ತಿತ್ತು, ಪ್ರತಿ ಸಲವೂ ನಾಲ್ಕು ಗಂಟೆ. ಮನೆಗೆ ಬಂದ ಮೇಲೆ ಎದ್ದು ಕೂರುವ ಶಕ್ತಿಯೂ ಉಳಿಯುತ್ತಿರಲಿಲ್ಲ. ಆವರೆಗೆ ಗುಂಪು ಸೇರುತ್ತಿದ್ದದ್ದು ಚಾಮರಾಜಪೇಟೆಯಲ್ಲಿ, ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ. ಇನ್ನು ನಮಗೆ ಬರಲಾಗುವುದಿಲ್ಲ ಎಂದು ಅವರಿಗೆ ತಿಳಿಸಿದೆ. ಮರುವಾರ ಗುಂಪೇ ವಿಜಯನಗರದ ನಮ್ಮ ಮನೆಗೆ ಬಂದಿತು! ಮಾಗಡಿ ರಸ್ತೆಯ ಸಂಜೆಯ ದಟ್ಟಣೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಆಟೋ ಓಡಿಸುವ ಸಹೋದರರು ಆ ಹೊತ್ತಿನ ಬಾಡಿಗೆ ಬಿಟ್ಟು ಟೀಚರಮ್ಮನವರನ್ನು ಕರೆತರುತ್ತಿದ್ದರು. ಕೆಳಗಿನ ಮನೆಯ ಓನರ್ ಅಮ್ಮ ನಮ್ಮ ಮತದವರಲ್ಲ, ಆದರೂ ಶುಕ್ರವಾರ ಬಂದರೆ ಕುರ್ಚಿಗಳನ್ನು ತಾವೇ ಮೇಲಕ್ಕೆ ಕಳುಹಿಸುತ್ತಿದ್ದರು. ಅವರಿಗೂ ನಾನು ಋಣಿ.

ಹೊಸೂರು ರಸ್ತೆಯ ಸ್ಮಶಾನದಲ್ಲಿ ಯಜಮಾನರನ್ನು ಮಣ್ಣುಮಾಡಿದ ಮರುವಾರ ನಮ್ಮ ಓದು 88ನೆಯ ಕೀರ್ತನೆಗೆ ಬಂದಿತ್ತು. ಓದಿದವರಿಗೆ ಗೊತ್ತು, ಅದರಲ್ಲಿ ಸಮಾಧಾನದ ಮಾತಿಲ್ಲ. ಉಳಿದ ಎಷ್ಟೋ ಮೊರೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ, ಇದು ಕತ್ತಲಲ್ಲೇ ನಿಂತುಬಿಡುತ್ತದೆ. ಈ ವಾರ ಅದನ್ನು ಬಿಟ್ಟು, ದೇವರ ಕರುಣೆಯನ್ನು ಕೊಂಡಾಡುವ 103ನೆಯದನ್ನು ಓದೋಣವೇ ಎಂದು ಒಬ್ಬರು ನನ್ನ ಮೇಲಿನ ಪ್ರೀತಿಯಿಂದಲೇ ಕೇಳಿದರು. ಟೀಚರಮ್ಮ ಒಪ್ಪಲಿಲ್ಲ. "ಇದನ್ನೂ ದೇವರೇ ನಮಗೆ ಕೊಟ್ಟದ್ದು, ಇವತ್ತು ಇದನ್ನೇ ಓದೋಣ" ಎಂದರು. ಒಬ್ಬೊಬ್ಬರು ಒಂದೊಂದು ವಚನ ಓದಿದರು. ನನ್ನ ಸರದಿ ಬಂದಾಗ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ನರ್ಸ್ ತಂಗಿ ನನ್ನ ವಚನವನ್ನೂ ತಾನೇ ಓದಿದಳು.

ಆಮೇಲೆ ಅವಳು ಒಂದು ಮಾತು ಕೇಳಿದಳು. ಇಷ್ಟು ಕತ್ತಲಲ್ಲಿರುವ ಈತ ಮೊದಲ ವಚನದಲ್ಲೇ ದೇವರನ್ನು ತನ್ನ ರಕ್ಷಕನೆಂದು ಕರೆಯುತ್ತಾನಲ್ಲ, ಏಕೆ? ಹಗಲಿರುಳು ಮೊರೆಯಿಡುತ್ತಾನೆ, ಉತ್ತರ ಬಂದಿಲ್ಲ, ಆದರೂ ಬೇರೆ ಯಾರ ಬಳಿಗೂ ಹೋಗುವುದಿಲ್ಲ. ಆ ಸಂಜೆ ನಮ್ಮ ಮಾತೆಲ್ಲ ಇದರ ಸುತ್ತಲೇ ನಡೆಯಿತು. ನನಗೆ ಕಂಡದ್ದು ಇನ್ನೊಂದು. ಆ ಕೀರ್ತನೆಕಾರ ತನ್ನ ಆಪ್ತರೆಲ್ಲ ದೂರವಾದರೆಂದು ಅಳುತ್ತಾನೆ. ನಾನೋ ಅದೇ ಮಾತುಗಳನ್ನು ಆಪ್ತರಿಂದ ತುಂಬಿದ ಕೋಣೆಯಲ್ಲಿ ಕುಳಿತು ಕೇಳುತ್ತಿದ್ದೆ. ಒಬ್ಬಳೇ ಓದಿದ್ದರೆ ಆ ಕೀರ್ತನೆ ನನ್ನನ್ನು ನುಂಗಿಬಿಡುತ್ತಿತ್ತು.

ಭಾನುವಾರದ ಆರಾಧನೆಯಲ್ಲಿ ಪ್ರಸಂಗ ಇದೆ, ಮನೆಯಲ್ಲಿ ನಾನೇ ಓದುತ್ತೇನೆ, ಗುಂಪೇಕೆ ಎಂದು ಹಲವರು ಕೇಳುತ್ತಾರೆ. ಎರಡೂ ಬೇಕು, ನನ್ನ ಮಟ್ಟಿಗೆ ಅವೆರಡೇ ಸಾಲವು. ಅಯ್ಯನವರು (ನಮ್ಮ ಸಭೆಯ ಪಾದ್ರಿ) ಪ್ರಸಂಗ ಮಾಡುವಾಗ ನಡುವೆ ಎದ್ದು "ಇದು ನನಗೆ ಅರ್ಥವಾಗಲಿಲ್ಲ" ಎನ್ನಲು ಬರುವುದಿಲ್ಲ. ಸತ್ಯವೇದದಲ್ಲಿ ಅಪೊಸ್ತಲರ ಕೃತ್ಯಗಳ ಪುಸ್ತಕದ 8ನೆಯ ಅಧ್ಯಾಯದ ಐಥಿಯೋಪ್ಯದ ಅಧಿಕಾರಿಯನ್ನು ನೋಡಿ. ರಾಣಿಯ ಬೊಕ್ಕಸವನ್ನೇ ನೋಡಿಕೊಳ್ಳುತ್ತಿದ್ದ ವಿದ್ಯಾವಂತ, ಯೆಶಾಯನ ಗ್ರಂಥ ಕೈಯಲ್ಲೇ ಇತ್ತು. ಆದರೂ ಯಾರಾದರೂ ತಿಳಿಸಿಕೊಡದೆ ನನಗೆ ಹೇಗೆ ತಿಳಿದೀತು ಎಂದು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಂಡ. ಅದೇ ಪುಸ್ತಕದ 17ನೆಯ ಅಧ್ಯಾಯದಲ್ಲಿ ಬೆರೋಯ ಊರಿನವರು ಅಪೊಸ್ತಲ ಪೌಲನ ಬೋಧನೆಯನ್ನು ಕೂಡ ದಿನದಿನವೂ ಶಾಸ್ತ್ರದೊಂದಿಗೆ ಹೋಲಿಸಿ ನೋಡಿದರು, ಅದಕ್ಕಾಗಿ ಹೊಗಳಿಸಿಕೊಂಡರು. ಹಾಗೆ ಪ್ರಶ್ನೆ ಕೇಳುವ ಜಾಗ ನಮ್ಮಲ್ಲಿ ಎಲ್ಲಿದೆ? ಗುಂಪಿನಲ್ಲಿದೆ.

ನಮ್ಮಲ್ಲಿ ಪಂಡಿತರಿಲ್ಲ. ಗಟ್ಟಿಯಾಗಿ ಓದುತ್ತೇವೆ, ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ, ಮೊದಲು ಏನು ಬರೆದಿದೆ ಎಂದು ನೋಡಿ ಆಮೇಲೆ ನಮ್ಮ ಬದುಕಿಗೆ ಬರುತ್ತೇವೆ. ನಡೆಸುವವರು ವಾರವಾರವೂ ಬದಲಾಗುತ್ತಾರೆ. ಗೊತ್ತಿಲ್ಲ ಎನ್ನಲು ಯಾರೂ ನಾಚುವುದಿಲ್ಲ. ಮಹದೇವಪುರದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು, ಮನೆಮಾತು ಕನ್ನಡವಾದರೂ ಅಕ್ಷರ ಕೂಡಿಸಿ ಓದಲು ತಡವರಿಸುತ್ತಿದ್ದ. ಅವನ ಸರದಿಗೆ ಎಲ್ಲರೂ ಕಾದರು. ಈಗ 119ನೆಯ ಕೀರ್ತನೆಯ ಭಾಗಗಳನ್ನು ಅವನು ನಿರಾಯಾಸವಾಗಿ ಓದುವುದನ್ನು ಕೇಳಬೇಕು! ಬಳ್ಳಾರಿಯಲ್ಲಿ ನೆಲೆಸಿ ಕನ್ನಡ ಕಲಿತ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಅಷ್ಟು ಜನ ಸೇರಿ ನಮ್ಮ ಭಾಷೆಗೆ ತಂದದ್ದನ್ನು ನಾವೂ ಸೇರಿ ಓದುತ್ತಿದ್ದೇವೆ ಎಂಬುದು ನನಗೆ ದೊಡ್ಡ ಸಂತೋಷ.

ಟೀಚರಮ್ಮ, ಆಟೋ ಅಣ್ಣ, ನರ್ಸ್ ತಂಗಿ, ಅನ್ನಸಾರಿನ ಡಬ್ಬಿ ತಂದು ಅಡುಗೆಮನೆಯಲ್ಲಿಟ್ಟು ಹೇಳದೆ ಹೋಗುತ್ತಿದ್ದವರು, ಆಸ್ಪತ್ರೆಯ ಹೊರಗೆ ಕಾಯುವಾಗ ಫೋನಿನಲ್ಲೇ ಕೀರ್ತನೆ ಓದಿ ಪ್ರಾರ್ಥಿಸಿದವರು, ನಿಮ್ಮೆಲ್ಲರಿಗೂ ನನ್ನ ಮನಸಾರೆ ವಂದನೆಗಳು. ನಿಮ್ಮನ್ನು ಕೊಟ್ಟ ದೇವರಿಗೆ ಸ್ತೋತ್ರ.

ಇದನ್ನು ಓದುತ್ತಿರುವ ವಿಶ್ವಾಸಿಗಳೇ, ನಿಮ್ಮ ಸಭೆಯಲ್ಲಿ ಇಂಥ ಗುಂಪಿದ್ದರೆ ಈ ವಾರವೇ ಹೋಗಿ. ಇಲ್ಲದಿದ್ದರೆ ಅಯ್ಯನವರಿಗೆ ತಿಳಿಸಿ ನೀವೇ ಶುರುಮಾಡಿ, ಇಬ್ಬರು ಮೂವರಿದ್ದರೂ ಸಾಕು. ನಾವು ಬರುವ ಶುಕ್ರವಾರ ಲೂಕನ ಸುವಾರ್ತೆಯನ್ನು ಹಿಡಿಯುತ್ತಿದ್ದೇವೆ. ಮೊದಲ ಅಧ್ಯಾಯದಲ್ಲೇ 80 ವಚನಗಳಿವೆ, ಹಾಗಾಗಿ ಸ್ನಾನಿಕ ಯೋಹಾನನ ತಂದೆ ಜಕರೀಯನ ಕಥೆಯಷ್ಟನ್ನು ಓದಿ ನಿಲ್ಲಿಸುತ್ತೇವೆ. ಈ ಸಲ ನಡೆಸುವ ಸರದಿ ನನ್ನದು.